ಸಹಿ ಮಾಡುವ ಮೊದಲು ಕೇಳಿ: ಈ ಕಾಗದ ಯಾವ ಭಾಷೆಯಲ್ಲಿದೆ?

ಕನ್ನಡದ ತರುಣರೇ, ತರುಣಿಯರೇ,

ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಕುಳಿತವ. ಒಂದೊಂದೇ ಮೊಳೆ ಜೋಡಿಸುವ ಕಾಲದ ಕೊನೆಯನ್ನು ಕಂಡವ, ಈಗ ಆಫ್‌ಸೆಟ್ ನಡೆಸುವವ. ವಿಜಯಪುರದ ಮಂದಿಯ ಲಗ್ನಪತ್ರಿಕೆ, ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಗಳ ಬಿಲ್ ಬುಕ್ಕು, ಬಬಲೇಶ್ವರದ ಜಾತ್ರೆಯ ಪಾಂಪ್ಲೆಟು ಈ ಕೈಯಿಂದ ಹೋಗಿವೆ. ಅಂಗಡಿ, ಶೋರೂಮು, ಆಸ್ಪತ್ರೆ, ಶಾಲೆಗಳ ಲೆಟರ್‌ಹೆಡ್ಡುಗಳೂ ಹೋಗಿವೆ. ಊರಿನ ಕಾಗದವೆಲ್ಲ ಒಮ್ಮೆಯಾದರೂ ಪ್ರೆಸ್ಸಿನವನ ಕಣ್ಣಿಗೆ ಬೀಳುತ್ತದೆ. ಹಾಗೆ ಕಣ್ಣಿಗೆ ಬಿದ್ದ ಒಂದು ಕಾಗದದ ಕಥೆಯನ್ನು ಇಂದು ನಿಮಗೆ ಹೇಳಬೇಕಾಗಿದೆ.

ಈಚೆಗೆ ಒಂದು ದಿನ ಮಧ್ಯಾಹ್ನ ತಿಕೋಟಾ ಕಡೆಯ ಹುಡುಗನೊಬ್ಬ ಝೆರಾಕ್ಸ್ ಮಾಡಿಸಲು ಬಂದ. ಬಿ.ಕಾಂ. ಆದವನು. ನಗರದ ಒಂದು ಶೋರೂಮಿನಲ್ಲಿ ಐದು ತಿಂಗಳು ದುಡಿದು, ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದದ್ದಕ್ಕೆ ಕೆಲಸ ಬಿಟ್ಟಿದ್ದ. ಕೊನೆಯ ತಿಂಗಳ ಪಗಾರ ಕೊಟ್ಟಿರಲಿಲ್ಲ. ಅಷ್ಟೇ ಅಲ್ಲ, ಹೇಳದೆ ಬಿಟ್ಟದ್ದಕ್ಕೆ ಎರಡು ತಿಂಗಳ ಪಗಾರವನ್ನು ಇವನೇ ಕಟ್ಟಬೇಕಂತೆ! ಕಟ್ಟುವ ತನಕ ಇವನ ಅಸಲು ಮಾರ್ಕ್ಸ್ ಕಾರ್ಡು ಅವರ ಕಪಾಟಿನಲ್ಲಿ.

"ಎಲ್ಲಿ ಬರದೈತಿ ಹಂಗ?" ಅಂದೆ.

"ಇದರಾಗ ಐತೆಂತರಿ ಅಣ್ಣಾರ. ನಾನು ಓದಿಲ್ಲರಿ" ಅಂದ.

ಒಂಬತ್ತು ಹಾಳೆ. ಸಣ್ಣ ಅಕ್ಷರ. ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಇಂಗ್ಲಿಷು. ಪ್ರತಿ ಹಾಳೆಯ ಕೆಳಗೆ ಹುಡುಗನ ಸಹಿ, ದುಂಡಗಿನ ಚೆಂದದ ಕನ್ನಡದಲ್ಲಿ. ಒಂಬತ್ತು ಹಾಳೆಯಲ್ಲಿ ಕನ್ನಡವೆಂದು ಇದ್ದದ್ದು ಅದೊಂದೇ. ಇನ್ನೊಂದು ಮಾತು: ಆ ಹಾಳೆಯ ಮೇಲಿದ್ದ ಲೆಟರ್‌ಹೆಡ್ಡು ನನ್ನ ಪ್ರೆಸ್ಸಿನಲ್ಲೇ ಅಚ್ಚಾದದ್ದು.

ಅಂಗಡಿಯ ಹೆಸರು ಇಲ್ಲಿ ಬೇಡ. ಇದು ಒಂದು ಅಂಗಡಿಯ ಕಥೆಯಲ್ಲ. ಗಾಂಧಿ ಚೌಕದಿಂದ ಬೆಂಗಳೂರಿನ ಗಾಜಿನ ಕಟ್ಟಡಗಳವರೆಗೆ ದಿನವೂ ನಡೆಯುವ ಕಥೆ. ನಿಮ್ಮಲ್ಲಿ ಎಷ್ಟು ಜನ ನಿಮ್ಮ ನೌಕರಿಯ ಕಾಗದವನ್ನು ಪೂರ್ತಿ ಓದಿ ಸಹಿ ಮಾಡಿದ್ದೀರಿ? ಎದೆ ಮುಟ್ಟಿಕೊಂಡು ಹೇಳಿ.

ಹೆಬ್ಬೆಟ್ಟಿನ ಅಜ್ಜನಿಗೆ ಇದ್ದದ್ದು...

ನಿಮ್ಮ ಅಜ್ಜನೋ ಮುತ್ತಜ್ಜನೋ ಎರಡು ಎಕರೆ ಹೊಲ ಕೊಂಡಿದ್ದರೆ, ಮನೆಯ ಟ್ರಂಕಿನಲ್ಲಿ ಆ ಖರೀದಿ ಪತ್ರ ಇರುತ್ತದೆ. ತೆಗೆದು ನೋಡಿ. ಕನ್ನಡದಲ್ಲಿರುತ್ತದೆ. ಮೂಡಣಕ್ಕೆ ಯಾರ ಹೊಲ, ಪಡುವಣಕ್ಕೆ ಯಾವ ಹಳ್ಳ, ಎಷ್ಟು ರೂಪಾಯಿ, ಯಾವ ಕರಾರು ಎಲ್ಲವೂ ಇರುತ್ತದೆ. ಕೊನೆಗೆ ಓದಿಸಿ ಕೇಳಿ ತಿಳಿದು ಹೆಬ್ಬೆಟ್ಟು ಒತ್ತಿದ್ದೇನೆ ಎಂಬ ಅರ್ಥದ ಒಂದು ಸಾಲು. ಅಕ್ಷರ ಬಾರದ ಮನುಷ್ಯನ ಮುಂದೆ ಬಾಂಡ್ ಬರೆಯುವವನು ಗಟ್ಟಿಯಾಗಿ ಓದುತ್ತಿದ್ದ. ಅಜ್ಜ ನಡುವೆ ತಡೆದು "ಬಾವಿಯ ಪಾಲು ಬರದಿಯೇನಪ್ಪ?" ಎಂದು ಕೇಳುತ್ತಿದ್ದ. ಬರೆದ ಮೇಲೆ ಬೆರಳಿಗೆ ಮಸಿ.

ಈಗ ಮೊಮ್ಮಗ ಡಿಗ್ರಿ ಓದಿದ್ದಾನೆ. ಅವನ ಮುಂದೆ ಒಂಬತ್ತು ಹಾಳೆ ಇಟ್ಟು "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡು" ಅನ್ನುತ್ತಾರೆ. ಓದಲು ಕೇಳಿದರೆ ನೌಕರಿ ಹೋದೀತೆಂಬ ಅಂಜಿಕೆ, ಇಂಗ್ಲಿಷು ಬರುವುದಿಲ್ಲ ಎನ್ನಲು ನಾಚಿಕೆ. ಹೆಬ್ಬೆಟ್ಟಿನ ಅಜ್ಜನಿಗೆ ಇದ್ದ ಗೌರವ ಪದವೀಧರ ಮೊಮ್ಮಗನಿಗೆ ಇಲ್ಲ! ಇದಕ್ಕೆ ಪ್ರಗತಿ ಅನ್ನಬೇಕೇ?

ನಮ್ಮ ದೇಶದ ಕರಾರು ಕಾಯಿದೆ 1872ರದು. ಅದರ 13ನೇ ಕಲಮು ಒಪ್ಪಿಗೆ ಎಂದರೇನು ಎಂಬುದನ್ನು ಹೇಳುತ್ತದೆ. ಇಬ್ಬರೂ ಒಂದೇ ಸಂಗತಿಯನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಒಪ್ಪಿಗೆ. ಮಾಲೀಕನಿಗೆ ಒಂದು ಅರ್ಥ, ಆಳಿಗೆ ಏನೂ ಅರ್ಥವಿಲ್ಲ ಎಂದಾದಾಗ ಅಲ್ಲಿ ಯಾವ ಒಪ್ಪಿಗೆ ಇದೆ? ಅಲ್ಲಿರುವುದು ಮಸಿ ಮಾತ್ರ.

ಆದರೆ ಮಸಿ ಕಟ್ಟಿಹಾಕುತ್ತದೆ!

"ತಿಳಿಯದೆ ಸಹಿ ಮಾಡಿದೆ, ಕೋರ್ಟು ಬಿಡಿಸುತ್ತದೆ" ಎಂದು ನಂಬಿ ಕೂರಬೇಡಿ. ನಮ್ಮದೇ ನಾಡಿನಲ್ಲಿ, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಮೊಕದ್ದಮೆ ನೋಡಿ. ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಕರಾರು ಅಲ್ಲಿತ್ತು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ತಕರಾರಿನೊಂದಿಗೆ ಹಣ ಕಟ್ಟಿ, ಆ ಕರಾರೇ ತಪ್ಪೆಂದು ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟು ಅವರ ಪರ ಹೇಳಿತು. ಆದರೆ ಸುಪ್ರೀಂ ಕೋರ್ಟು 2025ರ ಮೇ 14ರಂದು ಆ ತೀರ್ಪನ್ನು ತಿರುಗಿಸಿತು. ಕರಾರು ಸಿಂಧು, 2 ಲಕ್ಷವೂ ಸಿಂಧು!

ಅವರು ಹಿರಿಯ ಹುದ್ದೆಯ ಮನುಷ್ಯ, ಜಾಹೀರಾತಿನಲ್ಲೇ ಆ ಷರತ್ತು ಕಂಡು ಸೇರಿದವರು. ಅವರ ಮಾತು ಬೇರೆ ಅನ್ನಬಹುದು. ಒಪ್ಪುತ್ತೇನೆ. 1986ರಲ್ಲಿ ಕಲ್ಕತ್ತೆಯ ಒಂದು ಸರ್ಕಾರಿ ಹಡಗು ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಇದೇ ಸುಪ್ರೀಂ ಕೋರ್ಟು ಬಲಾಢ್ಯನು ಬಲಹೀನನ ಮೇಲೆ ಹೇರಿದ ಅನ್ಯಾಯದ ಷರತ್ತು ನಿಲ್ಲುವುದಿಲ್ಲ ಎಂದೂ ಹೇಳಿದೆ. ಎರಡೂ ತೀರ್ಪು ಇವೆ. ಆದರೆ ಹದಿಮೂರು ಸಾವಿರ ಪಗಾರದ ಹುಡುಗ ದಿಲ್ಲಿಯವರೆಗೆ ಹೋಗಿ ನನ್ನದು ಎರಡನೆಯ ಬಗೆಯದು ಎಂದು ವಾದಿಸುತ್ತಾನೆಯೇ? ನಮ್ಮ ಜಿಲ್ಲೆಯ ಹೈಕೋರ್ಟು ಪೀಠವಿರುವ ಕಲಬುರಗಿಗೆ ಹೋಗಿ ಬರಲೇ ಅವನ ಕಿಸೆಯಲ್ಲಿ ದುಡ್ಡಿಲ್ಲ. ಅವನಿಗೆ ಸಿಗಬಹುದಾದ ನ್ಯಾಯ ಸಹಿಯ ಮೊದಲಿನದು. ಸಹಿಯ ನಂತರದ್ದು ಉಳ್ಳವರ ನ್ಯಾಯ.

ಕೈದಿಗೆ ಇರುವ ಹಕ್ಕು

ಈಗ ಒಂದು ಸಂಗತಿ ಗಮನವಿಟ್ಟು ಕೇಳಿ. 1962ರಲ್ಲಿ ನಾಗಪುರದ ಕಡೆಯ ಒಬ್ಬ ಬಂಧಿಯ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವನನ್ನು ಹಿಡಿದಿಟ್ಟ ಕಾರಣಗಳನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟಿದ್ದರು. ಅವನಿಗೆ ಇಂಗ್ಲಿಷು ಬಾರದು. ತಿಳಿಯದ ಭಾಷೆಯಲ್ಲಿ ಕಾಗದ ಕೊಟ್ಟರೆ ಕೊಟ್ಟಂತಾಗಲಿಲ್ಲ ಎಂದು ಕೋರ್ಟು ಹೇಳಿತು. 2025ರ ನವೆಂಬರ್ 6ರಂದು, ಮುಂಬಯಿಯ ಒಂದು ಪ್ರಕರಣದಲ್ಲಿ, ಅದೇ ಕೋರ್ಟು ಇನ್ನಷ್ಟು ಬಿಗಿ ಮಾಡಿತು. ಯಾವುದೇ ಅಪರಾಧವಿರಲಿ, ಬಂಧಿಸಿದ ಕಾರಣವನ್ನು ಬರಹದಲ್ಲಿ ಕೊಡಬೇಕು, ಬಂಧಿತನಿಗೆ ತಿಳಿಯುವ ಭಾಷೆಯಲ್ಲೇ ಕೊಡಬೇಕು.

ಅಂದರೆ ಕಳ್ಳತನದ ಆರೋಪದಲ್ಲಿ ಹಿಡಿದವನಿಗೂ ಅವನ ಭಾಷೆಯಲ್ಲಿ ಕಾಗದ ಪಡೆಯುವ ಹಕ್ಕಿದೆ. ಆಗಲಿ, ಇರಲೇಬೇಕು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಬುತ್ತಿ ಕಟ್ಟಿಕೊಂಡು ದುಡಿಯಲು ಹೋಗುವ ಹುಡುಗಿಗೆ? ಅವಳ ಕಾಗದ ಇಂಗ್ಲಿಷಿನಲ್ಲಿ!

ಹಳೆಯ ಕಾರ್ಮಿಕ ಕಾಯಿದೆಗಳಲ್ಲಿ ಭಾಷೆಯ ಪ್ರಜ್ಞೆ ಇತ್ತು. 1936ರ ವೇತನ ಪಾವತಿ ಕಾಯಿದೆ, 1946ರ ಸ್ಥಾಯಿ ಆದೇಶಗಳ ಕಾಯಿದೆ, 1948ರ ಕಾರ್ಖಾನೆ ಕಾಯಿದೆ ಮೂರೂ ಒಂದು ಮಾತು ಹೇಳುತ್ತಿದ್ದವು: ಗೋಡೆಗೆ ಹಚ್ಚುವ ನೋಟಿಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು. ಮೊದಲೆರಡು ಬಿಳಿಯರ ಆಳ್ವಿಕೆಯಲ್ಲಿ ಬರೆದವು. ಕೂಲಿಕಾರನಿಗೆ ಅವನ ಭಾಷೆ ಬೇಕೆಂಬುದು ಬಿಳಿಯರಿಗೆ ಹೊಳೆದಿತ್ತು, ನಮ್ಮವರಿಗೆ ಮರೆತಿದೆ.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೇಂದ್ರದ 29 ಹಳೆಯ ಕಾಯಿದೆಗಳು ಅವುಗಳೊಳಗೆ ಸೇರಿ ಹೋದವು. ಮೇಲಿನ ಮೂರೂ ಹೋದವು. ಹೊಸ ಸಂಹಿತೆಗಳಲ್ಲಿ ಕೆಲಸಗಾರರಿಗೆ ಹಾನಿ ಏನು, ಲಾಭ ಏನು ಎಂದು ಸಂಘಟನೆಗಳು ಜಗಳಾಡುತ್ತಿವೆ, ಆಡಲಿ. ಹಿಂದೆ ಕರ್ನಾಟಕದಲ್ಲಿ ಸಣ್ಣ ಕಾರ್ಖಾನೆಗೂ ಅನ್ವಯವಾಗುತ್ತಿದ್ದ ಸ್ಥಾಯಿ ಆದೇಶ ಈಗ 300 ಜನರಿದ್ದ ಕಡೆ ಮಾತ್ರ. ನಮ್ಮ ಊರಿನಲ್ಲಿ 300 ಜನ ದುಡಿಯುವ ಕಾರ್ಖಾನೆ ಎಷ್ಟಿವೆ, ನೀವೇ ಎಣಿಸಿ.

ಆದರೆ ಒಂದು ಒಳ್ಳೆಯ ಕಲಮು ಇದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯೂ ಪ್ರತಿ ನೌಕರನಿಗೆ ನೇಮಕ ಪತ್ರ ಕೊಡಲೇಬೇಕು. ಹಿಂದಿನಿಂದ ದುಡಿಯುತ್ತಿದ್ದು ಪತ್ರ ಪಡೆಯದವರಿಗೆ ಮೂರು ತಿಂಗಳೊಳಗೆ ಕೊಡಬೇಕು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೆ ಸೇರಿಸಿದ 6-ಎ ಕಲಮೂ ಮೂವತ್ತು ದಿನದೊಳಗೆ ನೇಮಕ ಆದೇಶ ಕೊಡಿ ಅಂದಿತ್ತು. ಕೊಟ್ಟವರು ಯಾರು?

ಪತ್ರ ಕೊಡಿ ಎಂದ ಹೊಸ ಕಲಮು ಯಾವ ಭಾಷೆಯಲ್ಲಿ ಎಂದು ಹೇಳಿಲ್ಲ. ಅದರ ನಮೂನೆಯನ್ನು ಸರ್ಕಾರ ನಿಗದಿ ಮಾಡಬೇಕು ಅಂದಿದೆ. ನಮ್ಮಂಥ ಖಾಸಗಿ ಧಂದೆಗಳಿಗೆ ಆ ಸರ್ಕಾರ ಯಾವುದು? ದಿಲ್ಲಿಯದಲ್ಲ, ಬೆಂಗಳೂರಿನದು! ಕನ್ನಡದ ಸರ್ಕಾರ, 1963ರಲ್ಲೇ ಕನ್ನಡವನ್ನು ಆಡಳಿತ ಭಾಷೆ ಎಂದು ಕಾಯಿದೆ ಮಾಡಿದ ಸರ್ಕಾರ. ಆ ನಮೂನೆಯ ತಲೆಯಲ್ಲಿ "ಕನ್ನಡದಲ್ಲಿ, ಕನ್ನಡ ಬಾರದವರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ" ಎಂಬ ಒಂದು ಸಾಲು ಬೇಕು. ಒಂದೇ ಸಾಲು! ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಆಯೋಗ ಬೇಕಿಲ್ಲ. ಇದೇ ನಮ್ಮ ಒತ್ತಾಯ.

ಬೋರ್ಡಿನ ಹಿಂದೆ ಏನಿದೆ?

ನಾವು ಬೋರ್ಡಿಗಾಗಿ ಹೋರಾಡಿದೆವು. 2024ರ ತಿದ್ದುಪಡಿಯಿಂದ ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಕಡ್ಡಾಯವಾಯಿತು. ಒಳ್ಳೆಯದೇ. ನನ್ನಂಥವರಿಗೆ ಕೆಲಸವೂ ಸಿಕ್ಕಿತು, ಸುಳ್ಳು ಯಾಕೆ ಹೇಳಲಿ. ಆದರೆ ಬೋರ್ಡು ಓದುವವನು ಗಿರಾಕಿ. ಬೋರ್ಡಿನ ಹಿಂದೆ ದುಡಿಯುವವನು ಏನು ಓದುತ್ತಾನೆ? ಹೊರಗೆ ಶೇಕಡ 60 ಕನ್ನಡ, ಒಳಗೆ ಸೊನ್ನೆ.

ಕನ್ನಡಿಗರಿಗೆ ಕೆಲಸ ಕೊಡಿ ಎಂದೂ ಹೋರಾಡಿದೆವು. 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಇಂದಿನವರೆಗೆ ಕೂಗುತ್ತಲೇ ಇದ್ದೇವೆ. 2024ರ ಜುಲೈನಲ್ಲಿ ಖಾಸಗಿ ಉದ್ಯಮದ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಉಳಿದವುಗಳಲ್ಲಿ ಶೇಕಡ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮಿಗಳು ಹುಬ್ಬೇರಿಸಿದ ಕೂಡಲೇ, ಎರಡೇ ದಿನದಲ್ಲಿ ತಡೆಹಿಡಿದರು. ಅದಕ್ಕೂ ಮೊದಲು, 2023ರ ನವೆಂಬರಿನಲ್ಲಿ, ಹರಿಯಾಣದ ಅಂಥದೇ ಕಾಯಿದೆಯನ್ನು ಅಲ್ಲಿನ ಹೈಕೋರ್ಟು ಹೊಡೆದುಹಾಕಿತ್ತು. ಆ ಹೋರಾಟ ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಕೆಲಸ ಸಿಕ್ಕ ಕನ್ನಡಿಗ ಏನಕ್ಕೆ ಸಹಿ ಮಾಡಿದ ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಅದು ನಮ್ಮ ಚಳವಳಿಯ ತಪ್ಪು.

ಕಾಗದವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಈ ಊರು ನೋಡಿದೆ. 2025ರ ಜನವರಿಯಲ್ಲಿ ನಮ್ಮ ನಗರದ ಇಟ್ಟಿಗೆ ಭಟ್ಟಿಯೊಂದರಲ್ಲಿ ಮೂವರು ಕೂಲಿಕಾರರನ್ನು ಥಳಿಸಿದ ವಿಡಿಯೊ ನಾಡೆಲ್ಲ ಹರಡಿ, ಪೊಲೀಸರು ಬಂಧಿಸುವ ತನಕ ಹೋಯಿತು. ಮೂಲದಲ್ಲಿ ಇದ್ದದ್ದು ಮುಂಗಡದ ಹಣ. ಮುಂಗಡ ಕೊಟ್ಟವನು ಮನುಷ್ಯನನ್ನೇ ಕೊಂಡಂತೆ ಎಂಬ ನಂಬಿಕೆ ನಮ್ಮ ಭಾಗದಲ್ಲಿ ಇನ್ನೂ ಸತ್ತಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯಿದೆ ಮುಂಗಡದ ಹೆಸರಿನಲ್ಲಿ ಯಾರನ್ನೂ ದುಡಿಸಿಕೊಳ್ಳಲು ಹಕ್ಕಿಲ್ಲ ಎಂದು ಹೇಳಿ ಅರ್ಧ ಶತಮಾನವಾಯಿತು. ಆ ಮಾತು ಭಟ್ಟಿಯವರೆಗೆ ಕನ್ನಡದಲ್ಲಿ ಹೋಗಿ ಮುಟ್ಟಿದೆಯೇ?

2023ರ ಡಿಸೆಂಬರ್ ಆರಂಭದಲ್ಲಿ ಇಲ್ಲಿನ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳ ರಾಶಿ ಕುಸಿದು ಏಳು ಕೂಲಿಕಾರರು ಸತ್ತರು. ಏಳೂ ಜನ ಬಿಹಾರದವರು. ಇದನ್ನು ಕನ್ನಡದ ಪತ್ರಿಕೆಯಲ್ಲಿ ಯಾಕೆ ಬರೆಯುತ್ತೀ ಎಂದು ಕೆಲವರು ಕೇಳಿಯಾರು. ಬರೆಯಲೇಬೇಕು. ತಿಕೋಟಾದ ಹುಡುಗನಿಗೆ ಕನ್ನಡ ಬೇಕು ಎನ್ನುವ ನ್ಯಾಯವೇ ಬಿಹಾರದವನಿಗೆ ಅವನ ಭಾಷೆ ಬೇಕು ಅನ್ನುತ್ತದೆ. ಇಲ್ಲಿ ಇರುವ ತನಕ ಅವನು ಕನ್ನಡ ಕಲಿಯಲಿ, ಕಲಿಸೋಣ. ಆದರೆ ಚೀಲದ ರಾಶಿಯ ಕೆಳಗೆ ನಿಲ್ಲಬೇಡ ಎಂಬ ಮಾತು ಮೊದಲ ದಿನವೇ ಅವನಿಗೆ ತಿಳಿಯಬೇಕು. ನಮ್ಮ ಜಿಲ್ಲೆಯ ಎಷ್ಟು ಮಂದಿ ಪುಣೆ, ಗೋವಾ, ಮುಂಬಯಿಯಲ್ಲಿ ದುಡಿಯುತ್ತಿದ್ದಾರೆ, ಅವರಿಗೂ ಇದೇ ನ್ಯಾಯ ಬೇಕಲ್ಲ?

ಇನ್ನು ನನ್ನ ತಪ್ಪು

ಊರಿಗೆಲ್ಲ ಬುದ್ಧಿ ಹೇಳುವ ನಾನು ಏನು ಮಾಡಿದ್ದೆ?

ನನ್ನ ಪ್ರೆಸ್ಸಿನಲ್ಲಿ ನಾಲ್ಕು ಜನ ದುಡಿಯುತ್ತಾರೆ. ಮಷಿನ್ ನಡೆಸುವವನು ಹನ್ನೊಂದು ವರ್ಷದಿಂದ ಇದ್ದಾನೆ. ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಾನೆ. ಹನ್ನೊಂದು ವರ್ಷದಲ್ಲಿ ಅವನಿಗೆ ನಾನು ಒಂದು ತುಂಡು ಕಾಗದ ಕೊಟ್ಟಿರಲಿಲ್ಲ. ದಿನಕ್ಕೆ ಸಾವಿರ ಹಾಳೆ ಅಚ್ಚು ಹಾಕುವ ಮನುಷ್ಯ, ಅವನ ಹೆಸರಿನ ಒಂದು ಹಾಳೆ ಇಲ್ಲ! ಮಗಳ ಕಾಲೇಜಿಗಾಗಿ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೌಕರಿಯ ದಾಖಲೆ ಕೇಳಿದರು. ನಾನು ಗಡಿಬಿಡಿಯಲ್ಲಿ ಲೆಟರ್‌ಹೆಡ್ಡಿನ ಮೇಲೆ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಟೈಪು ಮಾಡಿ ಕೊಟ್ಟೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಹೊರಳಿಸಿ ನೋಡಿ ಕೇಳಿದ:

"ಅಣ್ಣಾರ, ಇದರಾಗ ನನ್ನ ಬಗ್ಗೆ ಛಲೋ ಬರದೀರೇನ್ರಿ?"

ಆ ಮಾತು ನನ್ನನ್ನು ಚುಚ್ಚಿತು. ಹನ್ನೊಂದು ವರ್ಷ ನನ್ನ ಕನ್ನಡ ಅಕ್ಷರಗಳನ್ನು ಕಾಗದದ ಮೇಲೆ ಮೂಡಿಸಿದವನಿಗೆ ಅವನ ಬಗ್ಗೆ ಬರೆದದ್ದನ್ನು ಓದಲಾಗಲಿಲ್ಲ. ನಾನು ಅದನ್ನು ಹರಿದು ಹಾಕಿ ಕನ್ನಡದಲ್ಲಿ ಬರೆಯಲು ಕುಳಿತೆ. ಆಗ ನೋಡಿ ಕಷ್ಟ ಶುರುವಾದದ್ದು!

ಪಗಾರ ಎಷ್ಟು? ಅದೇನೋ ಬರೆದೆ. ದಿನಕ್ಕೆ ಎಷ್ಟು ತಾಸು? ಎಂಟು ಎಂದು ಬರೆಯಲು ಹೋದರೆ ಲಗ್ನದ ಸೀಜನ್ನಿನಲ್ಲಿ ಹನ್ನೆರಡು ತಾಸು ದುಡಿಸಿದ್ದು ನೆನಪಾಯಿತು. ಹೆಚ್ಚಿನ ತಾಸಿಗೆ ಎಷ್ಟು? ಕಾಯಿದೆ ಎರಡು ಪಟ್ಟು ಅನ್ನುತ್ತದೆ, ನಾನು ಕೊಟ್ಟದ್ದು ಚಹಾ, ಉಪ್ಪಿಟ್ಟು. ಸಂಬಳದ ರಜೆ ಎಷ್ಟು? ಎಂದೂ ಲೆಕ್ಕವಿಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಇದ್ಯಾವುದೂ ನನಗೆ ಕಾಡಿರಲಿಲ್ಲ. ಕನ್ನಡದಲ್ಲಿ ಬರೆದರೆ ಅವನು ಓದುತ್ತಾನೆ! ಓದಿ ಕೇಳುತ್ತಾನೆ!

ಮಾಲೀಕರು ಕನ್ನಡದ ಕಾಗದಕ್ಕೆ ಯಾಕೆ ಹಿಂಜರಿಯುತ್ತಾರೆ ಎಂಬುದು ನನಗೆ ಆ ದಿನ ಅರ್ಥವಾಯಿತು. ಕನ್ನಡ ಬಾರದ್ದಕ್ಕಲ್ಲ. ಕನ್ನಡ ತಿಳಿದುಬಿಡುತ್ತದೆ ಎಂಬುದಕ್ಕೆ.

ಹತ್ತು ಜನರಿಗಿಂತ ಕಡಿಮೆ ಇರುವ ನನ್ನಂಥವನು ಆ ಸಂಹಿತೆಯ ನೇಮಕ ಪತ್ರದ ಕಲಮಿನಿಂದ ತಪ್ಪಿಸಿಕೊಳ್ಳಬಹುದು. ತಪ್ಪಿಸಿಕೊಳ್ಳಲಿಲ್ಲ. ನಾಲ್ವರಿಗೂ ಒಂದೊಂದು ಹಾಳೆಯ ಕನ್ನಡ ನೇಮಕ ಪತ್ರ ಕೊಟ್ಟೆ. ಹೆಚ್ಚಿನ ತಾಸಿಗೆ ಎರಡು ಪಟ್ಟು ಎಂದು ಬರೆದು ಸಹಿ ಮಾಡಿದೆ. ಈ ಸಲದ ಲಗ್ನದ ಸೀಜನ್ನಿನಲ್ಲಿ ನನ್ನ ಲಾಭ ಕಡಿಮೆಯಾಯಿತು, ಅದೂ ನಿಜ. ಆದರೆ ರಾತ್ರಿ ಒಂಬತ್ತರ ಮೇಲೆ "ಇನ್ನೊಂದು ತಾಸು ಇರಪಾ" ಅನ್ನುವಾಗ ಈಗ ನನ್ನ ದನಿಯಲ್ಲಿ ಸಾಲಗಾರನ ಅಳುಕು ಇಲ್ಲ.

ಅವರು ಹೇಳುವ ನೆಪಗಳು

"ಕಾನೂನಿನ ಪದಗಳು ಕನ್ನಡದಲ್ಲಿ ಇಲ್ಲ" ಅನ್ನುತ್ತಾರೆ. ಇಲ್ಲವೇ? ನೇಮಕ, ವೇತನ, ರಜೆ, ಮುನ್ಸೂಚನೆ, ಕಡಿತ, ಭವಿಷ್ಯ ನಿಧಿ, ಉಪದಾನ ಇವೆಲ್ಲ ಯಾವ ಭಾಷೆ? ನಮ್ಮ ಉತಾರ ಕನ್ನಡದಲ್ಲಿದೆ, ಖರೀದಿ ಪತ್ರ ಕನ್ನಡದಲ್ಲಿದೆ, ವಾಟ್ನಿ ಪತ್ರ ಕನ್ನಡದಲ್ಲಿದೆ. ಕೋಟಿ ರೂಪಾಯಿಯ ಹೊಲ ಕನ್ನಡದಲ್ಲಿ ಕೈ ಬದಲಾಯಿಸುತ್ತದೆ, ಹದಿಮೂರು ಸಾವಿರದ ನೌಕರಿಗೆ ಕನ್ನಡ ಸಾಲದೇ?

ಈ ನೆಪ ಹೇಳುವವರಿಗೆ ನಮ್ಮ ಊರಿನ ಒಬ್ಬ ವಕೀಲರನ್ನು ನೆನಪಿಸುತ್ತೇನೆ. 1904ರಲ್ಲಿ ಬಿಜಾಪುರಕ್ಕೆ ಬಂದು ವಕೀಲಿ ಹಿಡಿದ ಫ. ಗು. ಹಳಕಟ್ಟಿಯವರು. ಇಂಗ್ಲಿಷು ಬಲ್ಲವರು, ಮುಂಬಯಿ ಪ್ರಾಂತದ ಕಾಲದವರು. ಅವರು ಇಂಗ್ಲಿಷಿನಲ್ಲೇ ಉಳಿದಿದ್ದರೆ ದುಡ್ಡು ಮಾಡಿ ಸುಖವಾಗಿ ಇರುತ್ತಿದ್ದರು. ಅದರ ಬದಲು ಊರೂರು ಅಲೆದು ವಚನದ ಕಟ್ಟು ಕೂಡಿಸಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, ಕನ್ನಡದ ಮೊಳೆ ಜೋಡಿಸಿದರು. ಕಾನೂನು ಬಲ್ಲ ಮನುಷ್ಯನೇ ಕನ್ನಡದ ಪ್ರೆಸ್ಸು ನಡೆಸಿದ ಊರು ಇದು. ಈ ಊರಿನಲ್ಲಿ ನಿಂತು ಕನ್ನಡದಲ್ಲಿ ಪದವಿಲ್ಲ ಅನ್ನುವುದಕ್ಕೆ ನಾಚಿಕೆಯಾಗಬೇಕು.

"ನಮ್ಮ ಹೆಡ್ ಆಫೀಸು ಮುಂಬಯಿಯಲ್ಲಿದೆ" ಅನ್ನುತ್ತಾರೆ. ಇರಲಿ, ಒಂದು ಹಾಳೆಯಲ್ಲಿ ಎರಡು ಅಂಕಣ ಮಾಡಿ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷು. "ಖರ್ಚು ಬರುತ್ತದೆ" ಅನ್ನುತ್ತಾರೆ. ಅದರ ಲೆಕ್ಕ ನನಗೆ ಬಿಡಿ, ನಾನು ಪ್ರೆಸ್ಸಿನವ. ಮಾಲೀಕರು ಹೊಸ ವರ್ಷಕ್ಕೆ ಹಂಚುವ ಬಣ್ಣದ ಕ್ಯಾಲೆಂಡರಿನ ಒಂದು ಪ್ರತಿಯ ಖರ್ಚಿನಲ್ಲಿ ಇಂಥ ಹಲವು ಹಾಳೆ ಬರುತ್ತವೆ.

ರಿಸರ್ವ್ ಬ್ಯಾಂಕು ಏನು ಹೇಳಿದೆ ಗೊತ್ತೇ? ಬ್ಯಾಂಕಿನ ಚಲನು, ಪಾಸ್‌ಬುಕ್ಕು, ಖಾತೆ ತೆರೆಯುವ ಅರ್ಜಿಗಳು ಇಂಗ್ಲಿಷು, ಹಿಂದಿಯ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಸಿಗಬೇಕು. ಕಿರುಸಾಲ ಕೊಡುವವರು ಸಾಲದ ಕಾರ್ಡನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು 2022ರ ನಿರ್ದೇಶನವಿದೆ. ಸಾಲ ಪಡೆಯುವವರಿಗೆ ಇರುವ ಹಕ್ಕು ದುಡಿಯುವವರಿಗೆ ಯಾಕಿಲ್ಲ?

ನೀವು ಮಾಡಬೇಕಾದದ್ದು

ಗೆಳೆಯರೇ, ಆವೇಶದ ಮಾತು ಸಾಕು. ಕೆಲಸದ ಮಾತು ಕೇಳಿ.

ನೌಕರಿಗೆ ಸೇರುವಾಗ "ಇದನ್ನು ಕನ್ನಡದಲ್ಲಿ ಕೊಡಿ" ಎಂದು ಕೇಳಿ. ಕೊಡದಿದ್ದರೆ ಒಂದು ದಿನದ ವಾಯಿದೆ ಕೇಳಿ, ಮನೆಗೆ ಒಯ್ದು ಬಲ್ಲವರಿಂದ ಓದಿಸಿ. ಹುದ್ದೆ, ಪಗಾರ, ಕೆಲಸದ ತಾಸು, ವಾರದ ರಜೆ, ಬಿಡುವಾಗ ಎಷ್ಟು ದಿನದ ಮುನ್ಸೂಚನೆ, ದಂಡದ ಮಾತು ಇದೆಯೇ ಎಂಬ ಆರು ಸಂಗತಿ ತಿಳಿಯದೆ ಪೆನ್ನು ಎತ್ತಬೇಡಿ. ಸಹಿಯಾದ ಮೇಲೆ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ. ಅಸಲು ಮಾರ್ಕ್ಸ್ ಕಾರ್ಡು ತೋರಿಸಿ, ಬಿಟ್ಟು ಬರಬೇಡಿ. ಅದು ಒತ್ತೆ ಇಡುವ ಬಂಗಾರವಲ್ಲ.

ಹೊಸ ವೇತನ ಸಂಹಿತೆ ನಿಮಗೆ ಕೆಲವು ಸಂಗತಿ ಕೊಟ್ಟಿದೆ, ಬಾಯಿಪಾಠ ಮಾಡಿ. ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಬರಬೇಕು. ವೇತನ ಚೀಟಿ ಕೊಡಬೇಕು. ನೀವೇ ಬಿಟ್ಟರೂ, ಅವರೇ ತೆಗೆದರೂ ಬಾಕಿ ವೇತನವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಕಾಯಿದೆ ಒಪ್ಪಿದ ಕಡಿತ ಬಿಟ್ಟು ಬೇರೆ ಕಡಿತವಿಲ್ಲ. ಗೊತ್ತಾದ ಅವಧಿಗೆ ತೆಗೆದುಕೊಂಡ ನೌಕರನಿಗೆ ಒಂದು ವರ್ಷ ದುಡಿದರೂ ಉಪದಾನದ ಪಾಲು ಸಿಗಬೇಕೆಂದು ಸಾಮಾಜಿಕ ಭದ್ರತಾ ಸಂಹಿತೆ ಹೇಳುತ್ತದೆ.

ಅನ್ಯಾಯವಾದರೆ ಕನ್ನಡದಲ್ಲೇ ಅರ್ಜಿ ಬರೆಯಿರಿ. ಸಂವಿಧಾನದ 350ನೇ ವಿಧಿ ಓದಿ. ತನ್ನ ಕುಂದುಕೊರತೆಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಭವಿಷ್ಯ ನಿಧಿ ಕಚೇರಿಗೂ ಕನ್ನಡದಲ್ಲಿ ಬರೆಯಬಹುದು, ಕಾರ್ಮಿಕ ಅಧಿಕಾರಿಗೂ ಬರೆಯಬಹುದು. ವಕೀಲರಿಗೆ ದುಡ್ಡಿಲ್ಲವೇ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಕಡಿಮೆ ವರಮಾನದವರಿಗೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲ ಜಿಲ್ಲೆಗೂ ಆ ಪ್ರಾಧಿಕಾರವಿದೆ. ಫೋನು 15100.

ಊರಿನ ಮಾಲೀಕರೇ, ನೀವೂ ನನ್ನ ಗಿರಾಕಿಗಳೇ. ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯವರೇ, ತಿಕೋಟಾದ ಶೀತಗೃಹದವರೇ, ಬಬಲೇಶ್ವರದ ಗೊಬ್ಬರದ ಅಂಗಡಿಯವರೇ, ಕನ್ನಡದಲ್ಲಿ ನೇಮಕ ಪತ್ರ ಮಾಡಿಸಲು ಬಂದವರಿಗೆ ಅಕ್ಷರ ಜೋಡಣೆಯ ಕೂಲಿ ನಾನು ಹಿಡಿಯುವುದಿಲ್ಲ. ಕಾಗದದ ಬೆಲೆ ಮಾತ್ರ ಕೊಡಿ. ಇಂಗ್ಲಿಷಿನ ನೇಮಕ ಪತ್ರ ಮಾತ್ರ ಬೇಕೆಂದರೆ ಬೇರೆ ಪ್ರೆಸ್ಸು ನೋಡಿಕೊಳ್ಳಿ.

ಆ ತಿಕೋಟಾದ ಹುಡುಗನ ಕಥೆ ಏನಾಯಿತು ಎಂದು ಕೇಳುತ್ತೀರಿ. ನನ್ನ ಟೇಬಲ್ಲಿನ ಮೇಲೇ ಕುಳಿತು ಎರಡು ಪುಟದ ಅರ್ಜಿ ಬರೆದ, ಅಚ್ಚ ಕನ್ನಡದಲ್ಲಿ. ಒಂದು ಪ್ರತಿ ಅಂಗಡಿಗೆ, ಒಂದು ಕಾರ್ಮಿಕ ಇಲಾಖೆಗೆ. ಒಂದು ವಾರದಲ್ಲಿ ಮಾರ್ಕ್ಸ್ ಕಾರ್ಡು ಕೈಗೆ ಬಂತು. ಎರಡು ತಿಂಗಳ ದಂಡದ ಮಾತನ್ನು ಈಗ ಯಾರೂ ಎತ್ತುತ್ತಿಲ್ಲ. ಪಗಾರ ಮಾತ್ರ ಇನ್ನೂ ಬಂದಿಲ್ಲ. ಅವನು ಬಿಟ್ಟಿಲ್ಲ, ವಾರಕ್ಕೊಮ್ಮೆ ಹೋಗಿ ಕೇಳುತ್ತಾನೆ.

ಬೇರೆ ಕಡೆ ಒಂದು ಕೆಲಸ ಸಿಕ್ಕಿದೆ ಅವನಿಗೆ. ಸೇರುವ ದಿನ ಫೋನು ಮಾಡಿದ್ದ: "ಅಣ್ಣಾರ, ಕನ್ನಡದಾಗ ಕೊಡ್ರಿ ಅಂದೆ. ಮ್ಯಾನೇಜರು ನಕ್ಕರು. ನಾ ನಗಲಿಲ್ಲರಿ. ನಾಳೆ ಕೊಡ್ತೀನಂದಾರ."

ನೀವೂ ಕೇಳಿ. ಅವರು ನಕ್ಕರೆ ನಗಲಿ.